ಬೇಳೆ ಮಿಲ್ಲಿನ ಲೆಕ್ಕ ಕ್ಲೌಡ್‌ನಲ್ಲಿ

ಕೇಳುಗ ಮಿತ್ರರೇ, ನಮಸ್ಕಾರ.

ಕಲಬುರಗಿಯ ಒಂದು ಬೇಳೆ ಮಿಲ್ಲಿಗೆ ನೀವು ಸಾಫ್ಟ್‌ವೇರ್ ಬರೆದುಕೊಡುತ್ತಿದ್ದೀರಿ ಅಂದುಕೊಳ್ಳಿ. ತೊಗರಿ ಎಷ್ಟು ಬಂತು, ಬೇಳೆ ಎಷ್ಟು ಹೋಯಿತು, ತೂಕದ ಚೀಟಿಯ ಫೋಟೊ, ಎಲ್ಲವೂ ಅದರಲ್ಲಿರಬೇಕು. ಮಿಲ್ಲಿನ ಮೂಲೆಯಲ್ಲೇ ಕಂಪ್ಯೂಟರ್ ಇಟ್ಟರೆ ಧೂಳು, ಮೇ ತಿಂಗಳ ಬಿಸಿಲು, ಹೋಗಿ ಬರುವ ಕರೆಂಟ್. ಡಿಸ್ಕ್ ಕೆಟ್ಟರೆ ವರ್ಷದ ಲೆಕ್ಕವೇ ಹೋಯಿತು.

ಅದಕ್ಕೇ ಕ್ಲೌಡ್, ಅಂದರೆ ಬೇರೆ ಕಂಪನಿಯ ಕಂಪ್ಯೂಟರ್‌ಗಳನ್ನು ಇಂಟರ್ನೆಟ್ ಮೂಲಕ ಬಾಡಿಗೆಗೆ ಬಳಸುವುದು. ಅಮೆಜಾನ್ ಫೈಲ್ ಇಡುವ ತನ್ನ ಎಸ್3 ಸ್ಟೋರೇಜ್ ಶುರು ಮಾಡಿದ್ದು 2006ರಲ್ಲಿ. 2016ರಲ್ಲಿ ಮುಂಬೈಗೆ, 2022ರಲ್ಲಿ ಹೈದರಾಬಾದಿಗೆ ಅದರ ಡೇಟಾ ಸೆಂಟರ್‌ಗಳು ಬಂದವು. ಹೈದರಾಬಾದ್ ನಮಗೆ ಸುಮಾರು 220 ಕಿಲೋಮೀಟರ್, ಬೆಂಗಳೂರಿಗಿಂತ ಎಷ್ಟೋ ಹತ್ತಿರ!

ಫೋಟೊಗಳನ್ನು ಸರ್ವರ್‌ನ, ಅಂದರೆ ಕ್ಲೌಡ್‌ನಲ್ಲಿ ನಿಮ್ಮ ಸಾಫ್ಟ್‌ವೇರ್ ಓಡಿಸುವ ಕಂಪ್ಯೂಟರಿನ, ಡಿಸ್ಕಿಗೆ ತುಂಬಬೇಡಿ. ಎಸ್3ಯಂಥ ಸ್ಟೋರೇಜಿಗೆ ಹಾಕಿ, ಡೇಟಾಬೇಸ್‌ನಲ್ಲಿ ಫೈಲಿನ ಹೆಸರು ಮಾತ್ರ ಇಡಿ. ಅಲ್ಲಿ ಒಂದು ಡಿಸ್ಕ್ ಕೆಟ್ಟರೂ ಫೈಲ್ ಉಳಿಯುತ್ತದೆ. ಆದರೆ ನಿಮ್ಮ ಕೋಡೇ ತಪ್ಪಿ ಅಳಿಸಿಬಿಟ್ಟರೆ? ಆಗ ಕಾಪಾಡುವುದು ವರ್ಷನಿಂಗ್, ಅಂದರೆ ಫೈಲಿನ ಹಳೆಯ ಪ್ರತಿಗಳನ್ನೂ ಉಳಿಸಿಡುವ ಸೌಲಭ್ಯ. ಅದನ್ನು ಮೊದಲೇ ಆನ್ ಮಾಡಿರಬೇಕು.

ಇನ್ನು ಬಿಲ್ಲಿನ ಮಾತು. ಹೊಸ ಡೆವಲಪರ್‌ಗಳು ಜಾಸ್ತಿ ಎಡವುವುದು ಇಲ್ಲೇ. ಸರ್ವರ್ ನಿಲ್ಲಿಸಿದೆ, ಇನ್ನು ದುಡ್ಡು ಕೊಡಬೇಕಿಲ್ಲ ಅಂತ ಸುಮ್ನೆ ಕೂರುತ್ತಾರೆ. ಸರ್ವರ್ ನಿಂತರೂ ಅದರ ಡಿಸ್ಕಿನ ಬಾಡಿಗೆ ಓಡುತ್ತಲೇ ಇರುತ್ತದೆ. ಕಾದಿರಿಸಿದ ಐಪಿ ವಿಳಾಸಕ್ಕೂ, ಅಂದರೆ ಇಂಟರ್ನೆಟ್‌ನಲ್ಲಿ ಸರ್ವರನ್ನು ಗುರುತಿಸುವ ನಂಬರಿಗೂ, ಅಷ್ಟೇ. 2024ರ ಫೆಬ್ರವರಿಯಿಂದ ಅಮೆಜಾನ್‌ನಲ್ಲಿ ಇಂಥ ಪ್ರತಿ ಪಬ್ಲಿಕ್ ಐಪಿವಿ4 ವಿಳಾಸಕ್ಕೆ ಗಂಟೆಗೆ ಅರ್ಧ ಸೆಂಟ್. ತಿಂಗಳಿಗೆ ಮೂರೂವರೆ ಡಾಲರಿಗಿಂತ ಜಾಸ್ತಿ ಆಯಿತಲ್ವಾ? ಸಣ್ಣ ಮಿಲ್ಲಿಗೆ ಇದು ಕಣ್ಣಿಗೆ ಬೀಳುವ ಮೊತ್ತ. ಖರ್ಚು ಮಿತಿ ಮೀರಿದರೆ ತಿಳಿಸುವ ಬಜೆಟ್ ಅಲರ್ಟ್ ಮೊದಲ ದಿನವೇ ಹಾಕಿ. ಆದರೆ ಅಲರ್ಟ್ ಬರೀ ಮೇಲ್ ಕಳಿಸುತ್ತದೆ, ತಾನಾಗಿ ಏನನ್ನೂ ನಿಲ್ಲಿಸುವುದಿಲ್ಲ. ಅದೂ ಕೆಲವು ಗಂಟೆ ತಡವಾಗಿ ಬರಬಹುದು.

ಕ್ಲೌಡ್ ಖಾತೆಗೆ ಪಾಸ್‌ವರ್ಡ್‌ನಂತಿರುವ ಆಕ್ಸೆಸ್ ಕೀಯನ್ನು ಕೋಡ್‌ನೊಳಗೆ ಬರೆದು, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ಗೆ ಹಾಕಬೇಡಿ. ಅಂಥ ಕೀಗಳನ್ನು ಹುಡುಕುವುದೇ ಕೆಲಸವಾಗಿರುವ ಪ್ರೋಗ್ರಾಂಗಳಿವೆ. ಸಿಕ್ಕ ಕೀಯಿಂದ ಕಳ್ಳರು ನಿಮ್ಮ ಖರ್ಚಿನಲ್ಲಿ ದೊಡ್ಡ ದೊಡ್ಡ ಸರ್ವರ್ ಓಡಿಸುತ್ತಾರೆ.

ಕೊನೆಗೆ ಒಂದು ಮಾತು, ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು. ಕ್ಲೌಡ್ ಖಾತೆಯನ್ನು ಮಿಲ್ಲಿನ ಮಾಲೀಕರ ಹೆಸರಿನಲ್ಲೇ ತೆರೆಯಿರಿ. ಅವರ ಮೇಲ್, ಅವರ ಕಾರ್ಡ್. ನಿಮಗೆ ಬೇಕಾದಷ್ಟೇ ಅನುಮತಿಯ ಬೇರೆ ಯೂಸರ್ ಮಾಡಿಕೊಳ್ಳಿ. ನಾಳೆ ನಿಮಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿ ಹೊರಟರೆ, ಪಾಸ್‌ವರ್ಡ್ ಕೇಳಿಕೊಂಡು ಅವರು ನಿಮ್ಮ ಹಿಂದೆ ಅಲೆಯುವಂತೆ ಆಗಬಾರದು.

ನಮಸ್ಕಾರ.