ಟೋನ್ ಬಟನ್ ಮುಟ್ಟುವ ಮೊದಲು ಸ್ಪೀಕರ್ ಸರಿಸಿ

ಎಲ್ಲರಿಗೂ ನಮಸ್ಕಾರ.

ಹೊಸ ಸ್ಪೀಕರ್ ಮನೆಗೆ ಬಂದ ಕೂಡಲೇ ನಾವು ಬೇಸ್, ಟ್ರೆಬಲ್ ತಿರುಗಿಸಲು ಶುರು ಮಾಡುತ್ತೇವೆ, ಅಲ್ವಾ? ಆ ಕೆಲಸ ಕೊನೆಗಿರಲಿ. ಮೊದಲು ಸ್ಪೀಕರ್ ಸರಿಸಿ, ನೀವು ಕೂರುವ ಜಾಗ ಸರಿಸಿ. ಒಂದು ರೂಪಾಯಿ ಖರ್ಚಿಲ್ಲದೆ ಅರ್ಧಕ್ಕಿಂತ ಜಾಸ್ತಿ ತೊಂದರೆ ಅಲ್ಲೇ ಮುಗಿಯುತ್ತದೆ.

ನಮ್ಮಲ್ಲಿ ತುಂಬಾ ಮನೆಗಳಲ್ಲಿರುವ ಒಂದು ರೂಮನ್ನೇ ನೋಡೋಣ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಎದುರುಬದುರು ಗೋಡೆಗಳ ನಡುವೆ ಶಬ್ದ ಓಡಾಡುವಾಗ ಕೆಲವು ತಗ್ಗು ಸ್ವರಗಳು ಅಲ್ಲೇ ನಿಂತು ಬಲವಾಗುತ್ತವೆ. ಮೊದಲನೆಯದು ಯಾವುದು ಅಂತ ತಿಳಿಯಬೇಕಾದರೆ 565ನ್ನು ಗೋಡೆಗಳ ನಡುವಿನ ಅಡಿಗಳಿಂದ ಭಾಗಿಸಿ. ಉದ್ದಕ್ಕೆ 47 ಹರ್ಟ್ಜ್, ಅಂದರೆ ಸೆಕೆಂಡಿಗೆ 47 ಕಂಪನ. ಅಗಲಕ್ಕೆ 56. ಎತ್ತರಕ್ಕೂ ಅದೇ 56! ಎರಡೂ ಒಂದೇ ಕಡೆ ಬಂದು ಸೇರಿದವು. ಬೇಸ್ ಗಿಟಾರಿನ ಎರಡನೇ ದಪ್ಪ ತಂತಿಯನ್ನು ಸುಮ್ನೆ ಮೀಟಿದರೆ ಬರುವುದು 55 ಹರ್ಟ್ಜ್. ಆ ಸ್ವರ ಬಂದಾಗಲೆಲ್ಲ ಇಂಥ ರೂಮು ಗುಂಯ್ ಎನ್ನುತ್ತದೆ. ಬೈಗುಳ ಮಾತ್ರ ಸ್ಪೀಕರಿಗೆ.

ಈ ಗುಂಯ್ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಗೋಡೆಗೆ ಒರಗಿಸಿದ ದಿವಾನದ ಮೇಲೆ ಕೂತರೆ ಜಾಸ್ತಿ. 12 ಅಡಿಯ ನಟ್ಟನಡುವೆ ಕೂತರೆ ಆ 47 ಹರ್ಟ್ಜ್ ಹೆಚ್ಚುಕಮ್ಮಿ ಮಾಯವಾಗುತ್ತದೆ. ಎರಡೂ ಬೇಡ. ನಿಮ್ಮ ಹಿಂದಿನ ಗೋಡೆಯಿಂದ ನಾಲ್ಕೂವರೆ ಅಡಿ ಮುಂದೆ ಕೂತು ನೋಡಿ. ಶುರುಮಾಡಲು ಅದು ಒಳ್ಳೆಯ ಜಾಗ.

ಸ್ಪೀಕರ್ ಮೂಲೆಯಲ್ಲಿದ್ದರೆ ಮೊದಲು ಅಲ್ಲಿಂದ ಎಳೆಯಿರಿ. ಮೂಲೆ ಬೇಸನ್ನು ಉಬ್ಬಿಸುತ್ತದೆ. ಶೋಕೇಸಿನಲ್ಲೇ ಇಡಬೇಕಾಗಿ ಬಂದರೆ ಅಂಚಿನವರೆಗೆ ಮುಂದೆ ತನ್ನಿ. ಹಿಂಬದಿಯಲ್ಲಿ ಗಾಳಿ ಹೋಗುವ ರಂಧ್ರವಿದ್ದು, ಗೋಡೆಯೂ ಹತ್ತಿರವಿದ್ದರೆ ಅದಕ್ಕೆ ಸ್ವಲ್ಪ ಸ್ಪಂಜು ತುರುಕಬಹುದು. ಟ್ವೀಟರ್, ಅಂದರೆ ಏರು ಸ್ವರ ನುಡಿಸುವ ಒಳಗಿನ ಸಣ್ಣ ಸ್ಪೀಕರ್, ಕಿವಿಯ ಮಟ್ಟಕ್ಕಿರಲಿ.

ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಸ್ಪೀಕರಿನ ಮುಖ ಅದರ ಹಿಂದಿನ ಗೋಡೆಯಿಂದ 2.8 ಅಡಿ ದೂರದಲ್ಲಿದೆ ಅನ್ನಿ. ಗೋಡೆಗೆ ಬಡಿದು ಬಂದ ಶಬ್ದ ನೇರ ಶಬ್ದಕ್ಕೆ ಉಲ್ಟಾ ಆಗಿ ಸೇರಿ, 100 ಹರ್ಟ್ಜ್ ಹತ್ತಿರ ಒಂದು ಹಳ್ಳ ಬೀಳುತ್ತದೆ, ಅಂದರೆ ಅಲ್ಲಿನ ಸ್ವರ ತೀರಾ ಸಣ್ಣಗಾಗುತ್ತದೆ. ಅದನ್ನು ಬೇರೆಬೇರೆ ಸ್ವರಗಳನ್ನು ಏರಿಸಿ ಇಳಿಸುವ ಈಕ್ವಲೈಜರ್‌ನಲ್ಲಿ ಏರಿಸಿ ತುಂಬಲು ಹೋಗಬೇಡಿ. ನೇರ ಶಬ್ದ ಏರಿದಷ್ಟೇ ಗೋಡೆಯದ್ದೂ ಏರುತ್ತದೆ, ಹಳ್ಳ ಹಾಗೇ ಉಳಿಯುತ್ತದೆ. ಶಬ್ದದ ಮಟ್ಟವನ್ನು 10 ಡೆಸಿಬಲ್ ಏರಿಸಿದರೆ ಆಂಪ್ಲಿಫೈಯರ್ ಅಲ್ಲಿ ಹತ್ತು ಪಟ್ಟು ಪವರ್ ಕೊಡಬೇಕು. ಪಾಪ, ಅದೆಲ್ಲ ದಂಡ. ಇಲ್ಲಿ ಸ್ಪೀಕರನ್ನೇ ಅರ್ಧ ಅಡಿ ಹಿಂದೆಮುಂದೆ ಮಾಡಿ ಕೇಳಬೇಕು. ಉಬ್ಬನ್ನು ಮಾತ್ರ ಈಕ್ವಲೈಜರ್ ಚೆನ್ನಾಗಿ ತಗ್ಗಿಸುತ್ತದೆ. ನಮ್ಮ ರೂಮಿನಲ್ಲಿ 56ರ ಸುತ್ತ ಮಾತ್ರ ನಾಲ್ಕೈದು ಡೆಸಿಬಲ್ ಇಳಿಸಿದರೆ ಹಾಡಿನ ಮಾತು ಬಿಡಿಸಿ ಕೇಳುತ್ತದೆ.

ಸ್ಪೀಕರ್ ಕಂಪನಿ ಸೋನೋಸ್ 2015ರಲ್ಲಿ ಟ್ರೂಪ್ಲೇ ಎಂಬುದನ್ನು ತಂದಿತು. ಫೋನು ಹಿಡಿದು ರೂಮೆಲ್ಲ ಓಡಾಡಿದರೆ ಸ್ಪೀಕರ್ ತಾನೇ ಹೊಂದಿಸಿಕೊಳ್ಳುತ್ತದೆ. ಒಳ್ಳೆಯ ಸೌಲಭ್ಯ. ಆದರೆ ಅಂಥ ಹಳ್ಳವನ್ನು ಅದೂ ತುಂಬಲಾರದು.

ಇನ್ನು ಟೈಲ್ಸ್ ನೆಲ, ಬರಿ ಗೋಡೆ. ಚಪ್ಪಾಳೆ ತಟ್ಟಿ, ಜಿಂಗ್ ಅಂದರೆ ಜಮಖಾನ ಹಾಸಿ, ಪುಸ್ತಕದ ಕಪಾಟು ಇಡಿ. ಎಲ್ಲಿಡಬೇಕು ಅನ್ನುತ್ತೀರಾ? ಒಬ್ಬರು ಪಕ್ಕದ ಗೋಡೆಯ ಮೇಲೆ ಕನ್ನಡಿ ಸರಿಸುತ್ತಾ ಹೋಗಲಿ. ಕೂತಲ್ಲಿಂದ ನಿಮಗೆ ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗವೇ ಅದು. ಜಮಖಾನದಿಂದ ಬೇಸಿನ ಗುಂಯ್ ಹೋಗುವುದಿಲ್ಲ, ನೆನಪಿಡಿ.

ರಾತ್ರಿ ಸಣ್ಣಗೆ ಹಾಡು ಹಾಕಿದಾಗ ಬೇಸ್ ಕಮ್ಮಿ ಅನ್ನಿಸಿದರೆ ರೂಮನ್ನು ದೂರಬೇಡಿ. ಸಣ್ಣ ಶಬ್ದದಲ್ಲಿ ನಮ್ಮ ಕಿವಿಗೆ ತಗ್ಗು ಸ್ವರ ಸರಿಯಾಗಿ ಕೇಳುವುದಿಲ್ಲ. ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದರು. ಲೌಡ್‌ನೆಸ್ ಬಟನ್ ಇರುವುದು ಅದಕ್ಕೇ. ವಾಲ್ಯೂಮ್ ಏರಿಸುವಾಗ ಅದನ್ನು ಆಫ್ ಮಾಡಿಬಿಡಿ.

ಈಗ ನಿಮ್ಮ ನಿಮ್ಮ ರೂಮಿನ ಅಳತೆ ಹೇಳಿ, ಇಲ್ಲೇ ಲೆಕ್ಕ ಹಾಕೋಣ.