ಗೋಪುರ ಹಾಗೇ ಉಳಿಯಿತು: ಸೆಂಟ್ರಲ್ ಜೈಲು ಫ್ರೀಡಂ ಪಾರ್ಕ್ ಆದ ಕಥೆ

[ದೃಶ್ಯ: ಶೇಷಾದ್ರಿ ರಸ್ತೆ, ಬೆಳಗಿನ ಟ್ರಾಫಿಕ್. ಹಳೇ ಗೋಡೆಯ ಪಕ್ಕದಲ್ಲೇ ಕ್ಯಾಮೆರಾ ನಿಧಾನವಾಗಿ ಸಾಗುತ್ತದೆ.]

ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು, ಆನಂದರಾವ್ ಸರ್ಕಲ್ ದಾಟಿ, ಶೇಷಾದ್ರಿ ರಸ್ತೆ ಹಿಡಿದು ನಡೀರಿ. ಒಂದು ಉದ್ದನೆಯ ಹಳೇ ಗೋಡೆ ಸಿಗುತ್ತೆ. ಒಳಗೆ ಹೋದರೆ ಪಾರ್ಕು: ಹುಲ್ಲು, ಮರ, ವಾಕಿಂಗ್ ಬಂದವರು, ನೆರಳಲ್ಲಿ ಪುಸ್ತಕ ಬಿಚ್ಚಿಕೊಂಡು ಕೂತ ಹುಡುಗ ಹುಡುಗಿಯರು. ನಡುವೆ ಒಂದು ಗೋಪುರ. ಅದನ್ನ ನೋಡಿದ ಕೂಡಲೇ ಗೊತ್ತಾಗಿಬಿಡುತ್ತೆ, ಇದು ಪಾರ್ಕಾಗಿ ಹುಟ್ಟಿದ ಜಾಗ ಅಲ್ಲ ಅಂತ.

ಇದು ಬೆಂಗಳೂರು ಸೆಂಟ್ರಲ್ ಜೈಲು. 1860ರ ದಶಕದಲ್ಲಿ ಬ್ರಿಟಿಷರ ಆಡಳಿತ ಕಟ್ಟಿಸಿದ್ದು. ಇವತ್ತಿನ ಹೆಸರು ಸ್ವಾತಂತ್ರ್ಯ ಉದ್ಯಾನ, ಜನರ ಬಾಯಲ್ಲಿ ಫ್ರೀಡಂ ಪಾರ್ಕ್. ಹಳೇ ಊರಿನ ನಡುವೆ ಹೊಸದೊಂದನ್ನ ಕಟ್ಟೋದು ಹೇಗೆ ಅನ್ನೋ ಪ್ರಶ್ನೆಗೆ ನಮ್ಮ ರಾಜ್ಯದಲ್ಲಿ ಸಿಕ್ಕಿರೋ ಅತಿ ಒಳ್ಳೆಯ ಉತ್ತರಗಳಲ್ಲಿ ಇದೂ ಒಂದು ಅಂತ ನಾನು ನಂಬಿದ್ದೀನಿ. ಆದರೆ ಆ ಉತ್ತರವನ್ನ ನಾವೇ ಅರ್ಧ ಅಳಿಸಿ ಹಾಕಿದ್ದೀವಿ.

[ದೃಶ್ಯ: ಜೈಲಿನ ನಕ್ಷೆಯ ಚಿತ್ರ. ಮಧ್ಯದಲ್ಲಿ ಗೋಪುರ, ಸುತ್ತ ಕಡ್ಡಿಗಳಂತೆ ಬ್ಯಾರಕ್‌ಗಳು.]

ಮೊದಲು ಗೋಪುರದ ವಿಷಯ. ಎತ್ತಿನ ಗಾಡಿಯ ಚಕ್ರ ನೆನಪಿಸಿಕೊಳ್ಳಿ. ನಡುವಿನ ಗುಂಬದ ಜಾಗದಲ್ಲಿ ಗೋಪುರ, ಅದರಿಂದ ಹೊರಡೋ ಕಡ್ಡಿಗಳ ಜಾಗದಲ್ಲಿ ಬ್ಯಾರಕ್‌ಗಳು. ಮೇಲೆ ನಿಂತ ಒಬ್ಬ ಕಾವಲುಗಾರ ಎಲ್ಲರನ್ನೂ ನೋಡಬಹುದು. ಅವನು ಈಗ ಯಾರ ಕಡೆ ನೋಡುತ್ತಿದ್ದಾನೆ ಅನ್ನೋದು ಕೆಳಗಿರೋ ಕೈದಿಗೆ ತಿಳಿಯೋದಿಲ್ಲ. ಹಾಗಾಗಿ ಕೈದಿ ಯಾವಾಗಲೂ ಕಣ್ಣಿಗೆ ಬಿದ್ದವನ ಹಾಗೇ ಇರಬೇಕು. 18ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಮ್ ಇಂಥ ಜೈಲಿನ ಕಲ್ಪನೆ ಮುಂದಿಟ್ಟ, ಅದಕ್ಕೆ ಪ್ಯಾನಾಪ್ಟಿಕಾನ್ ಅಂತ ಹೆಸರಿಟ್ಟ. ನಮ್ಮ ಜೈಲಿನ ನಕ್ಷೆಯೂ ಅದೇ ಜಾಡಿನದು.

ಈ ಗೋಡೆಯೊಳಗೆ ಯಾರೆಲ್ಲ ಇದ್ದರು! 1975ರ ಜೂನ್‌ನಲ್ಲಿ ಸಂಸದೀಯ ಸಮಿತಿಯ ಸಭೆಗೆ ಅಂತ ಬೆಂಗಳೂರಿಗೆ ಬಂದಿದ್ದ ವಿರೋಧ ಪಕ್ಷಗಳ ನಾಯಕರಾದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ನಾಲ್ವರನ್ನೂ ತುರ್ತು ಪರಿಸ್ಥಿತಿ ಘೋಷಣೆಯಾದ ಬೆನ್ನಿಗೇ ಬಂಧಿಸಿ ಇಲ್ಲಿಗೆ ತಂದರು. 1976ರಲ್ಲಿ ರಂಗಕರ್ಮಿ, ನಟಿ ಸ್ನೇಹಲತಾ ರೆಡ್ಡಿಯವರನ್ನ ಕರೆತಂದರು. ಅವರಿಗೆ ತೀವ್ರ ಆಸ್ತಮಾ. ತಿಂಗಳುಗಟ್ಟಲೆ ಒಳಗಿಟ್ಟು, ಇನ್ನು ಕೈಮೀರಿತು ಅನ್ನುವಾಗ 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು. ಹೊರಬಂದು ಕೆಲವೇ ದಿನಗಳಲ್ಲಿ ತೀರಿಕೊಂಡರು. ಇಲ್ಲಿಗೆ ಬಂದಾಗಲೆಲ್ಲ ನನಗೆ ಮೊದಲು ನೆನಪಾಗೋದು ಅವರೇ.

[ದೃಶ್ಯ: ಬ್ಯಾರಕ್‌ನ ಗೋಡೆ ಮೇಲೆ ಬಿದ್ದ ಮರದ ನೆರಳು. ಕೆಲವು ಕ್ಷಣ ಮಾತಿಲ್ಲ.]

2000ದ ಹೊತ್ತಿಗೆ ಕೈದಿಗಳನ್ನ ಪರಪ್ಪನ ಅಗ್ರಹಾರಕ್ಕೆ ಸಾಗಿಸಿದರು. ಗಾಂಧಿನಗರದ ಮಗ್ಗುಲಲ್ಲಿ ಸುಮಾರು 21 ಎಕರೆ ಖಾಲಿಯಾಯಿತು. ಬೆಂಗಳೂರಲ್ಲಿ ಇಂಥ ಜಾಗ ಖಾಲಿ ಬಿದ್ದರೆ ಏನಾಗುತ್ತೆ ಅಂತ ನಿಮಗೇ ಗೊತ್ತು. ಇಲ್ಲಿ ಹಾಗಾಗಲಿಲ್ಲ. 2003ರಲ್ಲಿ ವಿನ್ಯಾಸ ಸ್ಪರ್ಧೆ ನಡೆಯಿತು. ಗೆದ್ದಿದ್ದು ಬೆಂಗಳೂರಿನದೇ ಸಂಸ್ಥೆ, ನಿಶಾ ಮ್ಯಾಥ್ಯೂ ಘೋಷ್ ಮತ್ತು ಸೌಮಿತ್ರೊ ಘೋಷ್ ಅವರ ಮ್ಯಾಥ್ಯೂ ಆಂಡ್ ಘೋಷ್. 2008ರ ನವೆಂಬರ್‌ನಲ್ಲಿ ಜನರಿಗೆ ಬಾಗಿಲು ತೆರೆಯಿತು.

ಅವರು ಮಾಡಿದ ದೊಡ್ಡ ಕೆಲಸ ಅಂದರೆ, ಕಟ್ಟೋದರಲ್ಲಿ ತೋರಿಸಿದ ಸಂಯಮ. ಗೋಪುರ ಕೆಡವಲಿಲ್ಲ. ಬ್ಯಾರಕ್, ಸೆಲ್, ಗೋಡೆಗಳಲ್ಲಿ ಉಳಿಸಬಹುದಾದದ್ದನ್ನ ಉಳಿಸಿಕೊಂಡರು. ಹೊಸದಾಗಿ ಸೇರಿಸಿದ್ದು ಹೊಸದು ಅಂತಲೇ ಕಾಣುತ್ತೆ, ಹಳೇದರ ವೇಷ ಹಾಕಿಲ್ಲ. ನಮ್ಮಲ್ಲಿ ಪಾರಂಪರಿಕ ಕಟ್ಟಡದ ಪಕ್ಕ ಏನಾದರೂ ಕಟ್ಟಬೇಕು ಅಂದರೆ ಕಾಂಕ್ರೀಟಿಗೆ ಕಮಾನು ಬಡಿದು, ಮೇಲೊಂದು ಗುಮ್ಮಟ ಕೂರಿಸಿ, ಹೊಂದಿಕೆಯಾಯಿತು ಅಂತ ಕೈ ತೊಳೆದುಕೊಳ್ಳೋ ರೂಢಿ ಇದೆ. ಅದು ಹಳೇ ಕಟ್ಟಡಕ್ಕೆ ಮಾಡೋ ಅವಮಾನ. ಯಾವುದು ನಿಜವಾಗಿ ಹಳೇದು ಅಂತ ನೋಡುವವರಿಗೆ ತಿಳಿಯದ ಹಾಗೆ ಮಾಡಿಬಿಡುತ್ತೆ. ಫ್ರೀಡಂ ಪಾರ್ಕಿನಲ್ಲಿ ಆ ಗೊಂದಲ ಇಲ್ಲ. ಎಲ್ಲರನ್ನೂ ಕಾಯುತ್ತಿದ್ದ ಗೋಪುರದ ಬುಡದಲ್ಲೇ ಈಗ ಮಕ್ಕಳು ಓಡಾಡುತ್ತಾರೆ. ಇದನ್ನ ವಿವರಿಸೋಕೆ ಫಲಕ ಬೇಕಿಲ್ಲ.

ವಿನ್ಯಾಸದಲ್ಲಿ ಇನ್ನೊಂದು ಇತ್ತು: ಜನ ಸೇರೋಕೆ, ಪ್ರತಿಭಟನೆ ಮಾಡೋಕೆ ಜಾಗ. ಪ್ರಶ್ನೆ ಕೇಳಿದವರನ್ನ ಕೂಡಿಹಾಕಿದ ಜಾಗದಲ್ಲೇ ಪ್ರಶ್ನೆ ಕೇಳೋ ಅವಕಾಶ. ಎಷ್ಟು ಒಳ್ಳೆಯ ಯೋಚನೆ!

[ದೃಶ್ಯ: ಶಾಮಿಯಾನ, ನೆಲಕ್ಕೆ ಹಾಸಿದ ಜಮಖಾನ, ಮೈಕ್. ಸಾಲಾಗಿ ಕೂತ ಹೆಂಗಸರು.]

2017ರ ಮಾರ್ಚ್ ನೆನಪಿದೆಯಾ? ರಾಜ್ಯದ ಮೂಲೆಮೂಲೆಯಿಂದ ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರು ಸಾವಿರಾರು ಸಂಖ್ಯೆಯಲ್ಲಿ ಬಂದರು. ಪಾರ್ಕಿನ ಹೊರಗೆ ಶೇಷಾದ್ರಿ ರಸ್ತೆಯಲ್ಲೇ ಕೂತರು, ರಾತ್ರಿ ಅಲ್ಲೇ ಮಲಗಿದರು. ಊರೆಲ್ಲ ಅವರ ಗೌರವಧನದ ಮಾತು.

2022ರಿಂದ ನಿಯಮ ಬದಲಾಗಿದೆ. ಬೆಂಗಳೂರಲ್ಲಿ ಪ್ರತಿಭಟನೆ ಅಂದರೆ ಫ್ರೀಡಂ ಪಾರ್ಕಿನಲ್ಲಿ ಮಾತ್ರ. ಟೌನ್‌ಹಾಲ್ ಮೆಟ್ಟಿಲ ಮೇಲೆ ಇಲ್ಲ, ಮೈಸೂರ್ ಬ್ಯಾಂಕ್ ಸರ್ಕಲ್‌ನಲ್ಲಿ ಇಲ್ಲ. ಆದೇಶವನ್ನ ಕಟ್ಟುನಿಟ್ಟಾಗಿ ಜಾರಿ ಮಾಡಿ ಅಂತ ಹೈಕೋರ್ಟ್ ಕೂಡ ಹೇಳಿತು. ಕಾರಣ ಟ್ರಾಫಿಕ್. ಆಂಬುಲೆನ್ಸಿನಲ್ಲಿ ಸಿಕ್ಕಿಹಾಕಿಕೊಂಡವರ ಮನೆಯವರಿಗೆ ಆ ಕಾರಣ ಸಣ್ಣದಲ್ಲ, ಒಪ್ಪುತ್ತೀನಿ. ಆದರೆ ಕಟ್ಟಡ ವಿನ್ಯಾಸದ ಕಣ್ಣಿಂದ ನೋಡಿ. ‘ಇಲ್ಲೂ ಮಾಡಬಹುದು’ ಅಂತಿದ್ದ ಜಾಗ ‘ಇಲ್ಲೇ ಮಾಡಬೇಕು’ ಅಂತಾದ ದಿನ, ಒಂದು ಇಟ್ಟಿಗೆಯೂ ಕದಲದೆ ಅದೇ ಗೋಡೆಯ ಅರ್ಥ ಬದಲಾಗಿಹೋಯಿತು. ಜೈಲು ಕಟ್ಟಿದ್ದು ಒಬ್ಬ ಎಲ್ಲರನ್ನೂ ನೋಡೋಕೆ. ಪ್ರತಿಭಟನೆ ಮಾಡೋದು ಎಲ್ಲರೂ ನಮ್ಮನ್ನ ನೋಡಲಿ ಅಂತ. ಈಗ ಬೀದರ್‌ನಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದವರು ಗೋಡೆಯೊಳಗೆ ಕೂತು ಘೋಷಣೆ ಕೂಗುತ್ತಾರೆ, ಹೊರಗೆ ಬಸ್ಸು ಹೋಗುತ್ತಲೇ ಇರುತ್ತೆ. ಕಾವಲಿಗೆ ಬಂದ ಪೊಲೀಸರು ಬಿಟ್ಟರೆ ಅವರನ್ನ ನೋಡುವವರು ಕಡಿಮೆ.

ಹತ್ತಿರದಲ್ಲೇ ಬಹುಮಹಡಿ ಪಾರ್ಕಿಂಗ್ ಕಟ್ಟಡ ಎದ್ದಿದೆ, 2024ರಲ್ಲಿ ಶುರುವಾಯಿತು. ಕಾರಿಗೆ ನೆರಳು ಮಾಡೋಕೆ ನಮಗೆ ಬರುತ್ತೆ ಅಂತಾಯಿತು. ಹಾಗಾದರೆ ಎರಡು ದಿನ ಕೂರೋಕೆ ಬಂದ ಹೆಂಗಸರಿಗೂ ಕಾಯಂ ನೆರಳು, ಸಾಕಾಗುವಷ್ಟು ಶೌಚಾಲಯ, ಕುಡಿಯೋ ನೀರು ಮಾಡಬಹುದು. ರಸ್ತೆ ಕಡೆಯ ಗೋಡೆಯನ್ನ ಒಂದಷ್ಟು ಉದ್ದ ಸೊಂಟದೆತ್ತರಕ್ಕೆ ಇಳಿಸಿ, ಬಸ್ಸಿನ ಕಿಟಕಿಯಿಂದ ಆ ಮುಖಗಳು ಕಾಣೋ ಹಾಗೆ ಮಾಡಬಹುದು. ಟ್ರಾಫಿಕ್ಕಿಗೂ ಅಡ್ಡಿಯಿಲ್ಲ. ಇದಕ್ಕೆ ಇನ್ನೊಂದು ವಿನ್ಯಾಸ ಸ್ಪರ್ಧೆ ಕರೆಯಲಿ, 2003ರಲ್ಲಿ ಕರೆದ ಹಾಗೆ.

[ದೃಶ್ಯ: ಗೋಪುರದ ಬುಡದಿಂದ ಕ್ಯಾಮೆರಾ ಪ್ರತಿಭಟನೆಯ ಜಾಗದ ಕಡೆ ನಡೆದು ಹೋಗುತ್ತದೆ. ಮೈಕಿನ ದನಿ ಹತ್ತಿರವಾಗುತ್ತದೆ.]

ನೀವು ಫ್ರೀಡಂ ಪಾರ್ಕಿಗೆ ಹೋದರೆ ಗೋಪುರದ ಹತ್ತಿರ ಫೋಟೊ ತೆಗೆದುಕೊಳ್ಳಿ, ಬ್ಯಾರಕ್ ನೋಡಿ. ಆಮೇಲೆ ಪ್ರತಿಭಟನೆ ನಡೆಯೋ ಕಡೆಗೂ ಹೋಗಿ. ಕೂತವರ ಪಕ್ಕ ಹತ್ತು ನಿಮಿಷ ಕೂತು, ಯಾವ ಊರಿಂದ ಬಂದಿರಿ ಅಕ್ಕಾ, ಏನು ಕೇಳ್ತಿದ್ದೀರಿ ಅಂತ ವಿಚಾರಿಸಿ.