ಸಂಘದ ಲೆಕ್ಕ ಜೋರಾಗಿ ಓದಿ

ಕೇಳುಗರೇ, ನಮಸ್ಕಾರ.

ಗ್ರಾಮಾಭಿವೃದ್ಧಿ ಸಂಸ್ಥೆಯೊಂದರ ಒಂದು ವರ್ಷದ ಪ್ರಗತಿ ಅಂದರೆ ಏನು? ಇದರ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಮಾರ್ಚ್ 31ಕ್ಕೆ ಲೆಕ್ಕ ಮುಗಿಯುತ್ತದೆ. ಆಮೇಲೆ ಬಣ್ಣಬಣ್ಣದ ವಾರ್ಷಿಕ ವರದಿ ಅಚ್ಚಾಗುತ್ತದೆ. ಇಷ್ಟು ಸಂಘ, ಇಷ್ಟು ಉಳಿತಾಯ, ಮರುಪಾವತಿ ನೂರಕ್ಕೆ ನೂರು. ಇರಲಿ, ಬೇಡ ಅನ್ನುವುದಿಲ್ಲ. ಆದರೆ ಸ್ವಸಹಾಯ ಸಂಘಗಳಿಗೆ ಲೆಕ್ಕದ ಪುಸ್ತಕ ಬರೆಯುವುದನ್ನು ಕಲಿಸುವ ನಾನು ಕೇಳುವುದು ಒಂದೇ ಪ್ರಶ್ನೆ. ಈ ವರ್ಷ ಎಷ್ಟು ಸಭೆಗಳಲ್ಲಿ ಲೆಕ್ಕವನ್ನು ಎಲ್ಲರಿಗೂ ಕೇಳುವ ಹಾಗೆ ಓದಿದಿರಿ?

ಸಂಘದಲ್ಲಿರುವ ಅಕ್ಕಂದಿರೇ, ಅಮ್ಮಂದಿರೇ, ಈ ಮಾತು ನಿಮಗೇ.

ಮೈರಾಡ ಸಂಸ್ಥೆಯ ಹೆಸರು ಕೇಳಿರುತ್ತೀರಿ. ಟಿಬೆಟಿನಿಂದ ಬಂದ ನಿರಾಶ್ರಿತರಿಗೆ ನೆಲೆ ಮಾಡಿಕೊಡಲು 1968ರಲ್ಲಿ ಶುರುವಾಯಿತು. ಎಂಬತ್ತರ ದಶಕದಲ್ಲಿ ಅದು ಕೆಲಸ ಮಾಡುತ್ತಿದ್ದ ಊರುಗಳಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದವು. ಆಗ ಒಬ್ಬರನ್ನೊಬ್ಬರು ನಂಬುವ ಜನ ಸಣ್ಣ ಸಣ್ಣ ಗುಂಪು ಕಟ್ಟಿಕೊಂಡರು. 1987ರಲ್ಲಿ ಆ ಕೆಲಸಕ್ಕೆ ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ದೇಶದ 500 ಸಂಘಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಪ್ರಯೋಗ ಹೊರಟಿತು. ಒಡವೆ ಇಲ್ಲ, ಪಹಣಿ ಇಲ್ಲ. ಮತ್ತೆ ಬ್ಯಾಂಕಿನವರು ಏನು ನೋಡಿ ಸಾಲ ಕೊಡುತ್ತಾರೆ? ನಿಮ್ಮ ಪುಸ್ತಕ ನೋಡಿ. ಆ ಪುಸ್ತಕವನ್ನು ನೀವೇ ಕೇಳಿಸಿಕೊಂಡಿಲ್ಲ ಅಂದರೆ ಹೇಗೆ?

ಒಂದು ಊರಿನ ಕಥೆ ಹೇಳುತ್ತೇನೆ. ಊರಿನ ಹೆಸರು ಬೇಡ. ಅಲ್ಲಿನ ಸಂಘದಲ್ಲಿ ಒಂದೇ ಹೆಸರಿನವರು ಇಬ್ಬರು. ಒಬ್ಬರ ಮನೆ ಗುಡಿ ಬೀದಿಯಲ್ಲಿ, ಇನ್ನೊಬ್ಬರದು ಕೆರೆ ಏರಿ ಕಡೆ. ಗುಡಿ ಬೀದಿಯವರು ಹೊಲಿಗೆ ಮಿಷನ್‌ಗೆ ಸಾಲ ತಗೊಂಡಿದ್ದರು, ಕೆರೆ ಕಡೆಯವರು ಎಮ್ಮೆಗೆ. ಪುಸ್ತಕ ಬರೆಯುವ ಹುಡುಗಿ ಪಿಯುಸಿ ಪಾಸು, ಅಕ್ಷರ ಮುತ್ತಿನ ಹಾಗೆ. ಸಭೆಯಲ್ಲಿ ಚೀಟಿಯಲ್ಲಿ ಗುರುತು ಹಾಕಿಕೊಂಡು, ಮನೆಗೆ ಹೋಗಿ ಪುಸ್ತಕಕ್ಕೆ ಏರಿಸುತ್ತಿದ್ದಳು. ಮುಂದಿನ ವಾರ ಎಲ್ಲರೂ ಸುಮ್ನೆ ಸಹಿ ಹಾಕುತ್ತಿದ್ದರು, ಕೆಲವರು ಹೆಬ್ಬೆಟ್ಟು ಒತ್ತುತ್ತಿದ್ದರು.

ನಾನು ಹೋದ ದಿನ ಓದಮ್ಮ ಅಂದೆ. ಅವಳಿಗೆ ಕೊಂಚ ಸಿಟ್ಟೇ ಬಂತು. ಓದಿದಳು. ಕೆರೆ ಕಡೆಯವರ ಪುಟ ಬಂದಾಗ "ಸಾಲದ ಬಾಕಿ ಎಂಟುನೂರು" ಅಂದಳು. ಆಯಮ್ಮ ನಕ್ಕುಬಿಟ್ಟರು. "ಬರೀ ಎಂಟುನೂರಾ? ನನ್ನ ಎಮ್ಮೆ ಇನ್ನೂ ಕರುವೇ ಹಾಕಿಲ್ಲ ಕಣವ್ವ, ಅಷ್ಟು ಯಾವಾಗ ಕಟ್ಟಿದೆ?" ಗುಡಿ ಬೀದಿಯವರು ಎದ್ದು ನಿಂತರು. "ಹಂಗಾದ್ರೆ ನಾನು ವಾರವಾರ ಕಟ್ಟಿದ್ದು ಎಲ್ಲಿಗೆ ಹೋಯ್ತು?"

ಇವರ ಕಂತು ಅವರ ಪುಟಕ್ಕೆ ಹೋಗುತ್ತಿತ್ತು! ಗಲಾಟೆಯೋ ಗಲಾಟೆ. ಹುಡುಗಿ ಅತ್ತಳು. ಯಾರೂ ಒಂದು ಕಾಸು ತಿಂದಿರಲಿಲ್ಲ. ಒಟ್ಟು ಮೊತ್ತ ಸರಿಯಾಗಿಯೇ ಇತ್ತು, ಬ್ಯಾಂಕ್ ಪಾಸ್‌ಬುಕ್ಕಿಗೂ ತಾಳೆಯಾಗುತ್ತಿತ್ತು. ಹಾಗಾಗಿ ಆಡಿಟರ್ ಕಣ್ಣಿಗೂ ಬಿದ್ದಿರಲಿಲ್ಲ. ವರದಿಯಲ್ಲಿ ಆ ಸಂಘದ ಮರುಪಾವತಿ ನೂರಕ್ಕೆ ನೂರು. ತಪ್ಪು ಹಿಡಿದ ಎಮ್ಮೆಯ ಆಯಮ್ಮನಿಗೆ ಓದು ಬರುವುದಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಅವರಿಗೇ ಲಾಭವಿತ್ತು, ಅಲ್ವಾ? ಅವತ್ತೇ ಪ್ರತಿ ಪುಟಕ್ಕೂ ಸದಸ್ಯರ ನಂಬರ್ ಹಾಕಿಸಿದೆವು.

"ಟೈಮ್ ಇಲ್ಲ ಮೇಡಂ" ಅಂತೀರಿ. ಸಾಲ ಹಂಚುವಾಗ ಕತ್ತಲಾದರೂ ಕೂತಿರುತ್ತೀರಲ್ಲ! "ಈಗ ಮೊಬೈಲಲ್ಲೇ ಎಂಟ್ರಿ ಮಾಡ್ತೀವಿ" ಅಂತೀರಿ. ಮಾಡಿ, ಆದರೆ ಅದನ್ನೂ ಓದಿ ಹೇಳಿ.

ಸಂಘ ನಡೆಸುವ ಐದು ನಿಯಮ, ಪಂಚಸೂತ್ರ, ಪೂರ್ತಿ ವಿವರಿಸಬೇಕು ಅಂತ ಬಂದಿದ್ದೆ. ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಪುಸ್ತಕ. ನಿಮಗೆ ಬಾಯಿಪಾಠ ಇದೆ, ಬಿಡಿ. ಸ್ತ್ರೀಶಕ್ತಿ, ಸಂಜೀವಿನಿ, ಸರ್ಕಾರದ ಯಾವ ಯೋಜನೆಯ ಸಂಘದವರಿಗೂ ನಾನು ಹೇಳುವುದು ಒಂದೇ.

ಓದುವುದು ಹೀಗೆ. ಹೋದ ವಾರದ ಕೊನೆಗೆ ಕೈಯಲ್ಲಿ ಉಳಿದಿದ್ದ ಹಣ ಮೊದಲು. ಆಮೇಲೆ ಒಬ್ಬೊಬ್ಬರ ಹೆಸರು, ನಂಬರ್, ಉಳಿತಾಯ, ಕಂತು, ಉಳಿದ ಸಾಲ. ಹೆಸರು ಕರೆದವರು "ಹೌದು" ಅನ್ನಬೇಕು, ತಲೆ ಅಲ್ಲಾಡಿಸಿದರೆ ಸಾಲದು. ಕೊನೆಗೆ ಪೆಟ್ಟಿಗೆಯ ನಗದು ಎಲ್ಲರೆದುರು ಎಣಿಸಿ. ಅದಾದ ಮೇಲೆ ಸಹಿ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಸಮಯ ಆಯಿತು. ನಿಮ್ಮ ಸಂಘದ ಪುಸ್ತಕ ಅದನ್ನು ಬರೆಯುವವರ ಮನೆಯಲ್ಲೇ ಉಳಿದಿದ್ದರೆ ಈ ವಾರದ ಸಭೆಗೆ ತರಿಸಿ. ನಮಸ್ಕಾರ.